ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿದರೆ ಆಟೋಪೇ ಎಲ್ಲ ತಾನಾಗಿಯೇ ನಿಂತುಬಿಡುತ್ತದೆಯೇ?

“ಯಾವುದೋ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಹೋಗ್ತಾ ಇದೆಯಾ? ತಲೆ ಕೆಡಿಸಿಕೊಳ್ಳಬೇಡಿ, ಆ ಕ್ರೆಡಿಟ್ ಕಾರ್ಡನ್ನೇ ಕ್ಲೋಸ್ ಮಾಡಿಬಿಡಿ.” ಈ ಧಾಟಿಯ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಇದರ ತಮ್ಮನಂಥ ಇನ್ನೊಂದು ಸಲಹೆಯೂ ಇದೆ: ಕತ್ತರಿ ತೆಗೆದುಕೊಂಡು ಕಾರ್ಡನ್ನು ಎರಡು ತುಂಡು ಮಾಡಿ, ಅಲ್ಲಿಗೆ ಮುಗಿಯಿತು. ಕೇಳಲು ಎರಡೂ ಸರಳ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಸಂಗೀತ ಕೇಳುವ ಕಷ್ಟವೂ ಇಲ್ಲ.

ಕತ್ತರಿಯ ಮಾತು ಶುದ್ಧ ತಪ್ಪು. ಕ್ಲೋಸ್ ಮಾಡುವ ಮಾತನ್ನು ನಾವು ಅರ್ಧ ನಿಜ ಎನ್ನುತ್ತೇವೆ. ಖಾತೆ ನಿಜವಾಗಿಯೂ ಮುಚ್ಚಿದ ಮೇಲೆ ಅದರ ಮೇಲೆ ಬರುವ ಹೊಸ ಕಡಿತವನ್ನು ಬ್ಯಾಂಕ್ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಆದರೆ ಖಾತೆ ಮುಚ್ಚುವುದಕ್ಕೇ ಆ ಸಣ್ಣ ಆಟೋಪೇ ಅಡ್ಡಗಾಲು ಹಾಕಬಹುದು. ಮುಚ್ಚಿದ ಮೇಲೆ, ನಿಲ್ಲಬಾರದ ಪಾವತಿಗಳೂ ಸದ್ದಿಲ್ಲದೆ ನಿಂತುಹೋಗುತ್ತವೆ. ಈ ಎರಡನೆಯ ಅಪಾಯದ ಬಗ್ಗೆ ಯಾವ ಫಾರ್ವರ್ಡೂ ಮಾತಾಡುವುದಿಲ್ಲ. ಮನೆಯವರನ್ನು ಹೆಚ್ಚು ತೊಂದರೆಗೆ ಸಿಕ್ಕಿಸುವುದು ಅದೇ.

ಕತ್ತರಿ ಯಾಕೆ ಕೆಲಸ ಮಾಡುವುದಿಲ್ಲ?

ನಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಕಾರ್ಡು ಒಂದು. ಬ್ಯಾಂಕಿನ ಕಂಪ್ಯೂಟರಿನಲ್ಲಿರುವ ಕ್ರೆಡಿಟ್ ಕಾರ್ಡ್ ಖಾತೆ ಇನ್ನೊಂದು. “ಇಂಥ ಕಂಪನಿ ಪ್ರತಿ ತಿಂಗಳೂ ಇಷ್ಟರವರೆಗೆ ಹಣ ತೆಗೆದುಕೊಳ್ಳಬಹುದು” ಎಂದು ನಾವು ಕೊಟ್ಟ ಅನುಮತಿ ಮೂರನೆಯದು. ಬ್ಯಾಂಕಿನವರ ಭಾಷೆಯಲ್ಲಿ ಅದಕ್ಕೆ ಇ-ಮ್ಯಾಂಡೇಟ್ ಎನ್ನುತ್ತಾರೆ, ಹಳಬರು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ನಾಲ್ಕನೆಯದು, ಆ ಕಂಪನಿಗೂ ನಮಗೂ ಇರುವ ಒಪ್ಪಂದ, ಅಂದರೆ ಚಂದಾ, ಪಾಲಿಸಿ ಅಥವಾ ಜಿಮ್ ಸದಸ್ಯತ್ವ. ಒಂದನ್ನು ತುಂಡರಿಸಿದರೆ ಉಳಿದವು ತಾವಾಗಿಯೇ ತುಂಡಾಗುವುದಿಲ್ಲ.

ಭಾರತದಲ್ಲಿ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳು ಕೊಡುವ ಟೋಕನ್ ಎಂಬ ಬದಲಿ ಸಂಖ್ಯೆ ಅವರ ಬಳಿ ಇರುತ್ತದೆ. ಪ್ಲಾಸ್ಟಿಕ್ ಚೂರಾದರೂ ಆ ಟೋಕನ್ ಹಾಗೇ ಇರುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೂ ಅಷ್ಟೇ. ಆ್ಯಪ್ ತೆಗೆದರೆ ಚಂದಾ ರದ್ದಾಯಿತು ಎಂದುಕೊಂಡವರು ಬಹಳ ಜನ. ಪ್ಲೇ ಸ್ಟೋರ್ ಮೂಲಕ ಕೊಂಡ ಚಂದಾ ಅಲ್ಲಿನ ಸಬ್‌ಸ್ಕ್ರಿಪ್ಷನ್ಸ್ ಪಟ್ಟಿಗೆ ಹೋಗಿ ರದ್ದು ಮಾಡುವವರೆಗೂ ಜೀವಂತವಾಗಿರುತ್ತದೆ.

199 ರೂಪಾಯಿ ಹೇಗೆ ಅಡ್ಡ ಬರುತ್ತದೆ?

ಕಾರ್ಡ್ ಮುಚ್ಚುವ ವಿಷಯದಲ್ಲಿ ಗ್ರಾಹಕರ ಪರವಾಗಿ ಒಂದು ಗಟ್ಟಿ ನಿಯಮವಿದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಕ್ರೆಡಿಟ್ ಕಾರ್ಡ್ ನಿರ್ದೇಶನದ ಪ್ರಕಾರ, ಮುಚ್ಚಿ ಎಂದು ನಾವು ಕೇಳಿದ 7 ಕೆಲಸದ ದಿನಗಳೊಳಗೆ ಬ್ಯಾಂಕ್ ಖಾತೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಮಗೆ ಕೊಡಬೇಕು. ಅಂಚೆಯಲ್ಲೇ ಅರ್ಜಿ ಕಳಿಸಿ ಎಂದು ಬ್ಯಾಂಕ್ ಪಟ್ಟು ಹಿಡಿಯುವಂತಿಲ್ಲ. ಹೆಲ್ಪ್‌ಲೈನ್, ಇಮೇಲ್, ಆ್ಯಪ್, ವೆಬ್‌ಸೈಟ್ ಹೀಗೆ ಹಲವು ದಾರಿಗಳನ್ನು ತೆರೆದಿಡಬೇಕು. “500 ರೂಪಾಯಿ ದಂಡ” ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ವಿಷಯ ನಿಜ. ಆದರೆ ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಒಂದು ಷರತ್ತಿದೆ: ಖಾತೆಯಲ್ಲಿ ಬಾಕಿ ಏನೂ ಇರಬಾರದು.

ತೊಡಕು ಹುಟ್ಟುವುದು ಇಲ್ಲಿಯೇ. ಸೋಮವಾರ ನೀವು ಪೂರ್ತಿ ಬಿಲ್ ಕಟ್ಟಿ ಕಾರ್ಡ್ ಮುಚ್ಚಲು ಕೇಳುತ್ತೀರಿ ಎಂದಿಟ್ಟುಕೊಳ್ಳಿ. ಬುಧವಾರ ಯಾವುದೋ ಮರೆತ ಚಂದಾದ 199 ರೂಪಾಯಿ ಅದೇ ಖಾತೆಯಲ್ಲಿ ಬಂದು ಕೂರುತ್ತದೆ. ಈಗ ಖಾತೆಯಲ್ಲಿ ಬಾಕಿ ಇದೆ. ಬ್ಯಾಂಕ್ ಮುಚ್ಚುವುದಿಲ್ಲ, ದಂಡ ಕೇಳುವ ಹಕ್ಕೂ ಉಳಿಯುವುದಿಲ್ಲ. ನೀವು ಆಗಲೇ ಬ್ಯಾಂಕಿನ ಆ್ಯಪ್ ಅಳಿಸಿ, ಕಾರ್ಡ್ ತುಂಡು ಮಾಡಿ, ಅದರ ಕಡೆಯಿಂದ ಬರುವ ಮೆಸೇಜುಗಳನ್ನು ನೋಡುವುದನ್ನೇ ಬಿಟ್ಟಿರುತ್ತೀರಿ. ಮುಂದಿನ ಬಿಲ್ ಬರುತ್ತದೆ, ಕೊನೆಯ ದಿನಾಂಕ ಕಳೆಯುತ್ತದೆ. ಅದಾದ ಮೇಲೆ ಮೂರು ದಿನ ದಾಟಿದರೆ ತಡ ಶುಲ್ಕ ಹಾಕಲು ಮತ್ತು ಬಾಕಿಯೆಂದು ಕ್ರೆಡಿಟ್ ಬ್ಯೂರೋಗೆ ವರದಿ ಮಾಡಲು ಬ್ಯಾಂಕಿಗೆ ಅವಕಾಶವಿದೆ. ಆರು ತಿಂಗಳ ಮೇಲೆ ಮನೆ ಸಾಲಕ್ಕೆ ಹೋದಾಗ “ನಿಮ್ಮ ಒಂದು ಕಾರ್ಡಿನಲ್ಲಿ ಬಾಕಿ ಇದೆಯಲ್ಲ ಸಾರ್” ಎಂಬ ಮಾತು ಕೇಳಿದಾಗಲೇ ವಿಷಯ ಗೊತ್ತಾಗುವುದು. ಅಲ್ಲಿಯವರೆಗೆ ಆ ಕಾರ್ಡ್ ಸತ್ತುಹೋಗಿದೆ ಎಂದೇ ನೀವು ನಂಬಿರುತ್ತೀರಿ.

ಸಾಲ ಉಳಿಸಿಕೊಂಡು ಬಡ್ಡಿ ಕಟ್ಟುತ್ತಿದ್ದವರಿಗೆ ಇನ್ನೊಂದು ಬಾಲವಿದೆ. ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಕಂಡ ಮೊತ್ತ ಕಟ್ಟಿದ ಮಾತ್ರಕ್ಕೆ ಲೆಕ್ಕ ಸೊನ್ನೆಯಾಯಿತು ಎನ್ನುವಂತಿಲ್ಲ. ಇಂದಿನವರೆಗಿನ ಒಟ್ಟು ಎಷ್ಟು ಎಂದು ಬ್ಯಾಂಕನ್ನೇ ಕೇಳಬೇಕು. ಇಎಂಐ ಇದ್ದರೆ ಅದನ್ನೂ ಪೂರ್ತಿ ತೀರಿಸಬೇಕು.

ನಿಲ್ಲಬಾರದ್ದು ನಿಂತಾಗ

ಈಗ ಹೆಚ್ಚು ಗಂಭೀರವಾದ ಭಾಗಕ್ಕೆ ಬರೋಣ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಅವರ ಆರೋಗ್ಯ ವಿಮೆ, ಅಪ್ಪನ ಪೋಸ್ಟ್‌ಪೇಯ್ಡ್ ಮೊಬೈಲು, ಮನೆಯ ಬ್ರಾಡ್‌ಬ್ಯಾಂಡು ಎಲ್ಲವೂ ಮಗಳ ಒಂದು ಕಾರ್ಡಿನಿಂದ ತಾನಾಗಿ ಕಟ್ಟಿಹೋಗುತ್ತಿವೆ. ವಾರ್ಷಿಕ ಶುಲ್ಕ ಜಾಸ್ತಿಯಾಯಿತೆಂದು ಮಗಳು ಆ ಕಾರ್ಡ್ ಮುಚ್ಚುತ್ತಾಳೆ. ಇಂಥ ಮನೆಗಳು ನಮ್ಮಲ್ಲಿ ಸಾವಿರಾರು.

ವಿಮೆಯನ್ನು ತೆಗೆದುಕೊಳ್ಳಿ. ಕಂತು ಕಟ್ಟದಿದ್ದರೆ ಪಾಲಿಸಿ ಅಂದೇ ಸಾಯುವುದಿಲ್ಲ. ತಿಂಗಳ ಕಂತಿನ ಆರೋಗ್ಯ ವಿಮೆಗೆ 15 ದಿನ, ವರ್ಷಕ್ಕೊಮ್ಮೆ ಕಟ್ಟುವುದಕ್ಕೆ 30 ದಿನ ವಿನಾಯಿತಿ ಅವಧಿ ಇರುತ್ತದೆ. ಕಂತಿನಲ್ಲಿ ಕಟ್ಟುವವರಿಗೆ ಆ ಅವಧಿಯಲ್ಲೂ ರಕ್ಷಣೆ ಮುಂದುವರಿಯುತ್ತದೆ. ಆದರೆ ವರ್ಷಕ್ಕೊಮ್ಮೆ ನವೀಕರಿಸುವವರ ವಿಷಯ ಬೇರೆ. ಆ 30 ದಿನದೊಳಗೆ ಕಟ್ಟಿದರೆ ಪಾಲಿಸಿಯ ಹಿರಿತನ ಉಳಿಯುತ್ತದೆ ಅಷ್ಟೇ, ಹಣ ಕಟ್ಟದೆ ಇದ್ದ ಆ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ. ಅವಧಿಯೇ ದಾಟಿಹೋದರೆ ಹೊಸ ಪಾಲಿಸಿ, ಹೊಸ ಕಾಯುವಿಕೆ. ಸಕ್ಕರೆ ಕಾಯಿಲೆ, ಬಿಪಿಯಂಥ ಮೊದಲೇ ಇದ್ದ ಕಾಯಿಲೆಗಳಿಗೆ ಈ ಕಾಯುವಿಕೆ ಮೂರು ವರ್ಷದವರೆಗೂ ಇರಬಹುದು. ಐದು ವರ್ಷ ನಿರಂತರವಾಗಿ ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, “ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ” ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ ಎಂಬ ನಿಯಮವಿದೆ. ಆ ಐದು ವರ್ಷದ ಎಣಿಕೆಯೂ ಮತ್ತೆ ಒಂದರಿಂದ. ಅರವತ್ತೈದು ದಾಟಿದ ಅಪ್ಪನಿಗೆ ಹೊಸ ಪಾಲಿಸಿ ಕೊಡುವಾಗ ಕಂಪನಿ ಏನೇನು ಕೇಳುತ್ತದೆ ಎಂಬುದು ಆ ಕೆಲಸಕ್ಕೆ ಓಡಾಡಿದವರಿಗೆ ಗೊತ್ತು. ಇದಕ್ಕೆಲ್ಲ ಕಾರಣ ವಾರ್ಷಿಕ ಶುಲ್ಕ ಉಳಿಸಲು ಮುಚ್ಚಿದ ಒಂದು ಕಾರ್ಡು.

ಪೋಸ್ಟ್‌ಪೇಯ್ಡ್ ಮೊಬೈಲಿನದು ಬೇರೆ ತರಹದ ಸುಳಿ. ಬಿಲ್ ಕಟ್ಟದಿದ್ದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಸಂಖ್ಯೆಯೇ ನಿಲ್ಲಬಹುದು. ಬ್ಯಾಂಕ್, ವಿಮೆ, ಆಧಾರ್ ಎಲ್ಲದರ ಒಟಿಪಿ ಬರುವುದು ಅದೇ ಸಂಖ್ಯೆಗೆ. ಅಂದರೆ ಬಿಗಡಾಯಿಸಿದ್ದನ್ನು ಸರಿಪಡಿಸಲು ಬೇಕಾದ ಕೀಲಿಕೈಯೇ ಕಳೆದುಹೋದಂತೆ. ಗೂಗಲ್‌ನಲ್ಲಿ ಹಣ ಕೊಟ್ಟು ಹೆಚ್ಚಿನ ಜಾಗ ಪಡೆದವರಿಗೂ ಇಂಥದ್ದೇ ತೊಂದರೆ. ಆ ಪಾವತಿ ನಿಂತು, ನಿಮ್ಮ ಫೋಟೋ ಮತ್ತು ಮೇಲ್ ಉಚಿತ 15 ಜಿಬಿಗಿಂತ ಹೆಚ್ಚಿದ್ದರೆ ಜಿಮೇಲ್‌ಗೆ ಹೊಸ ಪತ್ರ ಬರುವುದೇ ನಿಲ್ಲಬಹುದು. ಬ್ಯಾಂಕ್ ಕಳಿಸುವ ಎಚ್ಚರಿಕೆಯ ಪತ್ರ ಬರುವುದೂ ಅಲ್ಲಿಗೇ ಅಲ್ಲವೇ?

ಮೂಲ ಕಾರ್ಡ್ ಮುಚ್ಚಿದರೆ ಅದರ ಮೇಲೆ ಮನೆಯವರಿಗೆ ಕೊಡಿಸಿದ ಆ್ಯಡ್-ಆನ್ ಕಾರ್ಡುಗಳೂ ನಿಲ್ಲುತ್ತವೆ. ಆ ಕಾರ್ಡಿನಲ್ಲಿ ಅಮ್ಮ ಏನೇನು ಆಟೋಪೇ ಹಾಕಿದ್ದಾರೆ ಎಂದು ಮೊದಲು ಅಮ್ಮನನ್ನೇ ಕೇಳಿ.

ನಿಂತರೂ ತೀರದ ಒಪ್ಪಂದಗಳೂ ಇವೆ. ಒಂದು ವರ್ಷಕ್ಕೆ ಒಪ್ಪಿ ತಿಂಗಳ ಕಂತಿನಲ್ಲಿ ಕಟ್ಟುವ ಜಿಮ್, ಕೋಚಿಂಗ್, ಸಾಫ್ಟ್‌ವೇರ್ ಯೋಜನೆಗಳಲ್ಲಿ ಕಾರ್ಡ್ ಕೈಕೊಟ್ಟರೆ ಕಂಪನಿಗೆ ಬರಬೇಕಾದ ಹಣ ಬಾಕಿಯೆಂದೇ ಉಳಿಯುತ್ತದೆ. ನಿಮಗೆ ಬರುವುದು ರದ್ದತಿಯ ಪತ್ರವಲ್ಲ, ವಸೂಲಿಯ ಫೋನು.

ಅನುಮತಿ ಹಿಂಪಡೆಯುವುದು ನಮ್ಮ ಹಕ್ಕು

ಕಾರ್ಡಿನ ಆಟೋಪೇ ಮೇಲೆ ಭಾರತದಲ್ಲಿ ಗ್ರಾಹಕರಿಗಿರುವ ಹಿಡಿತ ಸಾಕಷ್ಟು ಗಟ್ಟಿಯಾದದ್ದು. 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಯಾದ ನಿಯಮದಂತೆ, ಮೊದಲ ಬಾರಿ ಅನುಮತಿ ಕೊಡುವಾಗ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಬೇಕು. ಆಮೇಲಿನ ಕಡಿತ 15,000 ರೂಪಾಯಿಯೊಳಗಿದ್ದರೆ ಮತ್ತೆ ಒಟಿಪಿ ಬೇಡ. ಈ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ ಏರಿತು. ವಿಮಾ ಕಂತಿನಂಥ ಕೆಲವಕ್ಕೆ 2023ರ ಡಿಸೆಂಬರ್‌ನಿಂದ 1 ಲಕ್ಷದವರೆಗೆ ಅವಕಾಶವಿದೆ. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವಾಗ ಎಂದು ಬ್ಯಾಂಕ್ ತಿಳಿಸಬೇಕು. ಆ ಒಂದು ಕಡಿತವನ್ನಾಗಲಿ ಇಡೀ ಅನುಮತಿಯನ್ನಾಗಲಿ ರದ್ದು ಮಾಡುವ ದಾರಿಯೂ ಇರಬೇಕು. ಫಾಸ್ಟ್ಯಾಗ್‌ನ ಸ್ವಯಂ ರೀಚಾರ್ಜ್‌ಗೆ ಈ ಮುಂಚಿನ ಮೆಸೇಜಿನಿಂದ 2024ರಲ್ಲಿ ವಿನಾಯಿತಿ ಸಿಕ್ಕಿದೆ. ಹಾಗಾಗಿ ಅದನ್ನು ನೀವೇ ನೆನಪಿಟ್ಟುಕೊಳ್ಳಬೇಕು.

ಆ 24 ಗಂಟೆ ಮೊದಲಿನ ಮೆಸೇಜನ್ನು ನಾವೆಲ್ಲ ಜಾಹೀರಾತಿನ ಮೆಸೇಜುಗಳ ಜೊತೆ ಸೇರಿಸಿ ಓದದೆ ಬಿಡುತ್ತೇವೆ. ಕಾರ್ಡ್ ಮುಚ್ಚುವ ಯೋಚನೆ ಇದ್ದವರು ಅದನ್ನಾದರೂ ತೆರೆದು ನೋಡಲಿ. ಮರೆತ ಚಂದಾಗಳ ಪತ್ತೆ ಅರ್ಧ ಅಲ್ಲೇ ಆಗುತ್ತದೆ.

ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳುವುದೆಲ್ಲ ಇಲ್ಲಿಗೆ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಅಮೆರಿಕದಲ್ಲಿ ಕಾರ್ಡ್ ಬದಲಾದರೆ ಹೊಸ ಸಂಖ್ಯೆಯನ್ನು ಅಂಗಡಿಗಳಿಗೆ ತಾನಾಗಿಯೇ ಮುಟ್ಟಿಸುವ ಸೇವೆ ವೀಸಾ, ಮಾಸ್ಟರ್‌ಕಾರ್ಡ್‌ಗಳದು ವ್ಯಾಪಕವಾಗಿದೆ. ಹಾಗಾಗಿ ಅಲ್ಲಿರುವ ನಮ್ಮವರು ಕಾರ್ಡ್ ಬದಲಿಸಿದರೂ ಚಂದಾ ಬೆನ್ನು ಬಿಡದಿರುವುದುಂಟು. ಆ ಅನುಭವದ ವಿಡಿಯೋ ಇಲ್ಲಿಗೆ ಬಂದು “ಕಾರ್ಡ್ ಮುಚ್ಚಿದರೂ ಜೀವನಪರ್ಯಂತ ಹಣ ಹೋಗುತ್ತದೆ” ಎಂಬ ಭಯವಾಗಿ ಬೆಳೆಯುವುದು ಬೇಡ.

ಹಾಗಾದರೆ ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಒಂದು ಸಂಜೆ ಕೂತು ಆ ಕಾರ್ಡಿನ ಕಳೆದ 13 ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಹನ್ನೆರಡಲ್ಲ, ಹದಿಮೂರು. ವರ್ಷಕ್ಕೊಮ್ಮೆ ಕಡಿತವಾಗುವುದು ಒಂದೆರಡು ದಿನ ಆಚೀಚೆಯಾಗಿ ತಪ್ಪಿಹೋಗಬಾರದು. ಸ್ಟೇಟ್‌ಮೆಂಟಿನಲ್ಲಿ ಕೆಲವೊಮ್ಮೆ ಕಂಪನಿಯ ಹೆಸರಿನ ಬದಲು ಹಣ ಪಡೆಯುವ ಗೇಟ್‌ವೇ ಹೆಸರಿರುತ್ತದೆ. ಗುರುತು ಸಿಗದಿದ್ದರೆ ಅದೇ ದಿನದ ಇಮೇಲ್ ರಸೀದಿ ಹುಡುಕಿ. ಎರಡು ಮೂರು ವರ್ಷಕ್ಕೊಮ್ಮೆ ನವೀಕರಣವಾಗುವ ವಿಮೆ, ವೆಬ್‌ಸೈಟ್ ಹೆಸರು ಇತ್ಯಾದಿ ಇದರಲ್ಲೂ ಕಾಣುವುದಿಲ್ಲ.

ಸ್ಟೇಟ್‌ಮೆಂಟ್ ಹೇಳದ್ದನ್ನು ಮ್ಯಾಂಡೇಟ್ ಪಟ್ಟಿ ಹೇಳುತ್ತದೆ. ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಇ-ಮ್ಯಾಂಡೇಟ್, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂಬ ಹೆಸರಿನ ಭಾಗ ನೋಡಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅದರ ಆಟೋಪೇ ಪಟ್ಟಿ ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿರುತ್ತದೆ. ಬ್ಯಾಂಕಿನ ಬಿಲ್ ಪಾವತಿ ಭಾಗದಲ್ಲಿ ಕರೆಂಟ್ ಬಿಲ್, ಫೋನ್ ಬಿಲ್‌ಗೆ ಹಾಕಿಟ್ಟ ಆಟೋಪೇ ಮತ್ತೊಂದು ಕಡೆ ಇರಬಹುದು. ಮ್ಯೂಚುವಲ್ ಫಂಡ್ ಎಸ್‌ಐಪಿ ಬಗ್ಗೆ ಕೇಳುವವರಿಗೆ: ಅದು ಹೋಗುವುದು ನಿಮ್ಮ ಬ್ಯಾಂಕ್ ಖಾತೆಯಿಂದ, ಕ್ರೆಡಿಟ್ ಕಾರ್ಡಿನಿಂದಲ್ಲ. ಕಾರ್ಡ್ ಮುಚ್ಚಿದರೆ ಅದಕ್ಕೇನೂ ಆಗದು.

ಬೇಕಾದವುಗಳನ್ನು ಮೊದಲು ಹೊಸ ಕಾರ್ಡಿಗೆ ಅಥವಾ ಬ್ಯಾಂಕ್ ಖಾತೆಗೆ ಬದಲಿಸಿ. ಬೇಡದವುಗಳನ್ನು ರದ್ದು ಮಾಡುವ ಕೆಲಸ ಆಮೇಲೆ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ, ಯಾಕೆಂದರೆ ಸಿಟ್ಟು ಇರುವುದು ಬೇಡದ ಚಂದಾದ ಮೇಲೆ. ವಿಮೆಯ ವಿಷಯದಲ್ಲಿ “ಬದಲಿಸಿದ್ದೇವೆ” ಎಂಬ ಮೆಸೇಜ್ ನಂಬಿ ಕೂರಬೇಡಿ. ಹೊಸ ಕಡೆಯಿಂದ ಒಂದು ಕಂತು ನಿಜವಾಗಿ ಹೋಗಿ ರಸೀದಿ ಬರಲಿ. ಕಂತು ದೂರವಿದ್ದರೆ ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬೇಡದ್ದನ್ನು ಎರಡೂ ಕಡೆ ರದ್ದು ಮಾಡಬೇಕು. ಮೊದಲು ಕಂಪನಿಯ ಆ್ಯಪ್‌ನಲ್ಲಿ ಚಂದಾ ನಿಲ್ಲಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಬ್ಯಾಂಕ್ ಕಡೆಯಲ್ಲಿ ಮ್ಯಾಂಡೇಟ್ ಹಿಂಪಡೆಯಿರಿ, ಅದಕ್ಕೂ ಒಟಿಪಿ ಬರುತ್ತದೆ. ವಿದೇಶಿ ಜಾಲತಾಣಗಳ ಬಗ್ಗೆ ಅನುಮಾನವಿದ್ದರೆ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆಯ ಸ್ವಿಚ್ ಆಫ್ ಮಾಡಿ. ಈ ಸ್ವಿಚ್ ಎಲ್ಲ ಬ್ಯಾಂಕುಗಳೂ ಕೊಡಲೇಬೇಕಾದದ್ದು.

ಬರಬೇಕಾದ ರೀಫಂಡ್ ಇದ್ದರೆ ಕಾಯುವುದು ಒಳ್ಳೆಯದು. ಖಾತೆಯಲ್ಲಿ ನಿಮ್ಮದೇ ಹೆಚ್ಚುವರಿ ಹಣ ಉಳಿದಿದ್ದರೆ ಮುಚ್ಚುವಾಗ ಬ್ಯಾಂಕ್ ಅದನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕಬೇಕು ಎಂಬುದು ನಿಯಮ. ಆದರೆ ಮುಚ್ಚಿದ ಮೇಲೆ ಬರುವ ರೀಫಂಡ್ ಹಿಂದೆ ಓಡಾಡುವುದು ಯಾರಿಗೆ ಬೇಕು? ರಿವಾರ್ಡ್ ಪಾಯಿಂಟ್ ಇದ್ದರೆ ಬಳಸಿಬಿಡಿ.

ಇಷ್ಟಾದ ಮೇಲೆ, ಒಂದು ಬಿಲ್ ಪೂರ್ತಿ ಯಾವ ಹೊಸ ಕಡಿತವೂ ಇಲ್ಲದೆ ಬರಲಿ. ಅದನ್ನು ಕಟ್ಟಿ ಮುಚ್ಚುವ ಅರ್ಜಿ ಹಾಕಿ. ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಏಳು ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ. ಬ್ಯಾಂಕಿನವರು ಫೋನ್ ಮಾಡಿ ಶುಲ್ಕ ಮನ್ನಾ, ಹೊಸ ಆಫರ್ ಎನ್ನುತ್ತಾರೆ. ಬೇಡವೆನಿಸಿದರೆ “ಮುಚ್ಚಿ” ಎಂದು ಸ್ಪಷ್ಟವಾಗಿ ಹೇಳಿ. “ನೋಡೋಣ” ಎಂದರೆ ಅರ್ಜಿ ಅಲ್ಲೇ ನಿಲ್ಲಬಹುದು.

ಇದೇ ಹೊತ್ತಿಗೆ ಇನ್ನೊಂದು ತರಹದ ಫೋನೂ ಬರಬಹುದು. “ನಿಮ್ಮ ಕಾರ್ಡ್ ಮುಚ್ಚಲು, ಆಟೋಪೇ ರದ್ದು ಮಾಡಲು ಒಟಿಪಿ ಹೇಳಿ” ಎನ್ನುವವರು ಬ್ಯಾಂಕಿನವರಲ್ಲ. ಒಟಿಪಿಯನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ಹಾಕಬೇಕೇ ಹೊರತು ಫೋನಿನಲ್ಲಿ ಯಾರಿಗೂ ಓದಿ ಹೇಳಬಾರದು. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಸಿಗುವ ಕಸ್ಟಮರ್ ಕೇರ್ ಸಂಖ್ಯೆಯನ್ನೂ ನಂಬಬೇಡಿ, ಕಾರ್ಡಿನ ಹಿಂಭಾಗದಲ್ಲಿರುವ ಸಂಖ್ಯೆಗೇ ಮಾಡಿ. ಕಾರ್ಡನ್ನು ಮೊದಲೇ ಕತ್ತರಿಸಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಹಣ ಹೋಗಿಯೇ ಬಿಟ್ಟರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಮುಚ್ಚಿದ್ದೇವೆ ಎಂಬ ಎಸ್ಸೆಮ್ಮೆಸ್ ಅಥವಾ ಇಮೇಲ್ ಕಳಿಸುವುದು ಬ್ಯಾಂಕಿನ ಕರ್ತವ್ಯ. ಬಾಕಿ ಇಲ್ಲ ಎಂಬ ಪತ್ರವನ್ನೂ ಕೇಳಿ ಪಡೆಯಿರಿ. ಎರಡು ತಿಂಗಳ ಮೇಲೆ ಕ್ರೆಡಿಟ್ ವರದಿ ತೆಗೆದು ಆ ಖಾತೆ “ಕ್ಲೋಸ್ಡ್” ಎಂದಿದೆಯೇ ನೋಡಿ. ಸಿಬಿಲ್ ಸೇರಿದಂತೆ ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು, ಹಣ ಕೇಳುವ ಆ್ಯಪ್‌ಗಳ ಅಗತ್ಯವಿಲ್ಲ. ಅನುಮತಿ ಹಿಂಪಡೆದ ಮೇಲೂ ಕಡಿತವಾಗಿದ್ದರೆ ಸ್ಕ್ರೀನ್‌ಶಾಟ್ ಸಮೇತ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಶುಲ್ಕವಿಲ್ಲ.

ಮುಚ್ಚಿದ ಪತ್ರ ಕೈಗೆ ಬಂದ ಮೇಲೆ ಕತ್ತರಿ ತೆಗೆದುಕೊಳ್ಳಿ. ಚಿಪ್ಪು, ಹಿಂದಿನ ಕಪ್ಪು ಪಟ್ಟಿ, ಸಿವಿವಿ ಮೂರೂ ತುಂಡಾಗುವಂತೆ ಕತ್ತರಿಸಿ, ಚೂರುಗಳನ್ನು ಒಂದೇ ಕಸದ ಬುಟ್ಟಿಗೆ ಹಾಕಬೇಡಿ.